ಎರಡು ಸಲ ಇಟ್ಟ ಹೆಸರುಗಳು

ಬಾರಾಬಾವಿಯಲ್ಲಿ ನೀರಿಗೆ ಬಾಯಿ ಬಂದು ಒಂಬತ್ತು ವರ್ಷವಾಗಿತ್ತು.

ಬೀದರ ಸೀಮೆಯ ಕೆಂಪು ಕಲ್ಲಿನ ನೆಲದಡಿಯಲ್ಲಿ, ಸುಲ್ತಾನರ ಕಾಲದ ಯಾರೋ ಬಲ್ಲವರು ಕೊರೆಸಿದ ಸುರಂಗವೊಂದು ಆ ಊರಿಗಿತ್ತು. ದಿಬ್ಬದ ಬುಡದಲ್ಲಿ ಜಿನುಗುವ ನೀರನ್ನು ಹಿಡಿದು, ಬಿಸಿಲಿಗೆ ತೋರಿಸದೆ, ನೆಲದೊಳಗೇ ಎರಡು ಮೈಲಿ ನಡೆಸಿಕೊಂಡು ಬಂದು ಊರಿಗೆ ಮುಟ್ಟಿಸುವ ಸುರಂಗ. ದಾರಿಯಲ್ಲಿ ಗಾಳಿ ಬೆಳಕಿಗೆಂದು ಹನ್ನೆರಡು ಬಾವಿಗಳು. ಬಾರಾ ಅಂದರೆ ಹನ್ನೆರಡು; ಊರಿನ ಹೆಸರು ಬಂದದ್ದೂ ಅವುಗಳಿಂದಲೇ. ತಲೆತಲಾಂತರ ಹೂಳು ತುಂಬಿ ಮಲಗಿದ್ದ ಆ ಸುರಂಗವನ್ನು ಮತ್ತೆ ತೆರೆದು ನೀರು ಹರಿಸಿದ ಮೇಲೆ, ಒಳಗೆ ಏನು ನಡೆಯುತ್ತಿದೆಯೆಂದು ತಿಳಿಯುವುದೇ ದೊಡ್ಡ ಪಾಡಾಯಿತು. ಮೊಬೈಲಿನ ಅಲೆ ಆ ಕಲ್ಲನ್ನು ದಾಟದು, ಉಪಗ್ರಹದ ಕಣ್ಣು ಅಲ್ಲಿಗೆ ಇಳಿಯದು. ಆಗ ಬಂದವು ಗೋಲಿಗಳು.

ಗೋಲಿ ಅಂದರೆ ನಿಂಬೆಹಣ್ಣಿನ ಗಾತ್ರದ ಒಂದು ತೇಲುಗುಂಡು. ನೀರು ಅಲುಗಿಸಿದಂತೆಲ್ಲ ಒಳಗಿನ ಪುಟ್ಟ ತೂಕವೊಂದು ಗಿರ್ರನೆ ತಿರುಗಿ, ತನಗೆ ಬೇಕಾದ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುತ್ತಿತ್ತು. ನೀರಿನ ತಂಪು, ಉಪ್ಪು, ಓಟ ಎಲ್ಲವನ್ನೂ ಅಳೆದು, ಮನುಷ್ಯರ ಕಿವಿಗೆ ನಿಲುಕದ ಕೀರುದನಿಯಲ್ಲಿ ಪಕ್ಕದ ಗೋಲಿಗೆ ಹೇಳುತ್ತಿತ್ತು. ಆ ದನಿ ಮೂವತ್ತು ಮಾರಿನಾಚೆ ಕೇಳಿಸದು. ಹಾಗಾಗಿ ಸುದ್ದಿ ಒಂದರ ಬಾಯಿಂದ ಇನ್ನೊಂದರ ಕಿವಿಗೆ, ಅದರ ಬಾಯಿಂದ ಮತ್ತೊಂದರ ಕಿವಿಗೆ ಸಾಗುತ್ತಾ, ಹನ್ನೆರಡನೆಯ ಬಾವಿಗೆ ಅಂಟಿಕೊಂಡಿದ್ದ ಜಲಕಚೇರಿಯ ಪರದೆಯನ್ನು ಮುಟ್ಟುತ್ತಿತ್ತು. ಎರಡು ಸಾವಿರ ಗೋಲಿಗಳು ತೇಲುತ್ತಾ ಬಂದು ಹನ್ನೆರಡನೆಯ ಬಾವಿಯ ಬಲೆಗೆ ಬೀಳುತ್ತಿದ್ದವು. ವಾರಕ್ಕೊಮ್ಮೆ ಅವನ್ನು ಬುಟ್ಟಿಯಲ್ಲಿ ತುಂಬಿ ಒಯ್ದು ಮೊದಲನೆಯ ಬಾವಿಗೆ ಬಿಡಬೇಕು. ಮತ್ತೆ ಪಯಣ, ಮತ್ತೆ ಪಿಸುಮಾತು.

ಆ ಪರದೆಯ ಮುಂದೆ ಕೂರುವವಳು ನೀಲಾಂಬಿಕಾ. ಇಪ್ಪತ್ತನಾಲ್ಕು ವರ್ಷದ, ಮಾತು ಕಡಿಮೆಯ ಹುಡುಗಿ. ಎರಡು ಸಾವಿರ ಗೋಲಿಗಳ ಮಾತನ್ನು ದಿನವಿಡೀ ಕೇಳಿಸಿಕೊಳ್ಳುತ್ತಿದ್ದವಳಿಗೆ ಮನುಷ್ಯರೊಡನೆ ಎರಡು ಮಾತಾಡುವುದೆಂದರೆ ಗಂಟಲು ಒಣಗುತ್ತಿತ್ತು. ಮನೆಯಲ್ಲಿ ಆ ಕೊರತೆಯನ್ನು ಬಡ್ಡಿ ಸಮೇತ ತುಂಬುತ್ತಿದ್ದವಳು ಅಣ್ಣನ ಹೆಂಡತಿ ಕಲಾವತಿ. ಸುರಂಗದೊಳಗೆ ಇಳಿದು ಹೂಳು ಎತ್ತುವ ಹೆಂಗಸರ ತಂಡಕ್ಕೆ ಅವಳೇ ಮುಂದಾಳು.

ಅಂದು ಬೆಳಿಗ್ಗೆಯೂ ಕಲಾವತಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಶುರುಮಾಡಿದಳು.

"ಅತ್ತಿ, ನಿನ್ನಿ ನೋಡ್ಲಾಕ ಬಂದ ಹುಡುಗ ನಿಮ್ಮ ಮಗಳಿಗಿ ಹೆಸರ ಕೇಳ್ದ. ಆಕಿ ಅದೂ ಹೇಳಲಿಲ್ಲ. ನಾನೇ ಹೇಳ್ದೆ. ಏನ್ ಓದೀದಿ ಅಂದ, ಅದೂ ನಾನೇ ಹೇಳ್ದೆ. ನಾಳಿಗಿ ತಾಳಿ ಕಟ್ಟೋ ಹೊತ್ತಿನಾಗ ನಾನೇ ಕುತ್ತಿಗಿ ಚಾಚಬೇಕೇನು?"

ಅವ್ವ ಕೈಯಲ್ಲಿದ್ದ ಜೋಳದ ಹಿಟ್ಟಿನ ಮುದ್ದೆ ಬಿಟ್ಟು ನಕ್ಕಳು.

"ವೈನಿ, ಸಾಕು," ಎಂದಳು ನೀಲಾ.

"ಬಂತು ನೋಡ್ರಿ ದನಿ! ಇನ್ನ ಹಬ್ಬ ಮಾಡ್ರಿ. ನೀಲವ್ವನ ಕೂಡ ಮಾತಾಡಬೇಕಂದ್ರ ಗೋಲಿ ಆಗಿ ಹುಟ್ಟಬೇಕು." ಕಲಾವತಿ ಬಗ್ಗಿ ಅವಳ ಕೆನ್ನೆ ಹಿಂಡಿದಳು. "ಯಾಕ ಮಾರಿ ಸಣ್ಣ ಮಾಡೀದಿ? ಎರಡ ದಿನದಿಂದ ನೋಡ್ಲತ್ತೀನಿ. ಹುಡುಗ ಸೇರಲಿಲ್ಲೇನು?"

"ಹಂಗೇನಿಲ್ಲ."

"ಮತ್ತೇನು ಹೇಳು."

ಹೇಳಬೇಕೆಂದೇ ನೀಲಾ ಬಾಯಿ ತೆರೆದಳು. ಹೊರಗೆ ತಂಡದ ಹೆಂಗಸರು "ಕಲಾವತೀ" ಎಂದು ಕೂಗಿದರು. "ಸಂಜಿಗಿ ಬಂದು ಕೇಳ್ತೀನಿ, ಹೊಟ್ಟ್ಯಾಗ ಇಟ್ಕೋಬ್ಯಾಡ," ಎಂದು ವೈನಿ ನಡೆದೇ ಬಿಟ್ಟಳು. ಹೇಳಬೇಕಾದ ಮಾತು ಎಂದಿನಂತೆ ಒಳಗೇ ಉಳಿಯಿತು.

ಆ ಮಾತು ಹೆಸರುಗಳದ್ದು.

ಪ್ರತಿ ಗೋಲಿಯ ಹೊಟ್ಟೆಯೊಳಗಿನ ಚಿಪ್ಪಿನಲ್ಲಿ ಅದು ಹುಟ್ಟುವಾಗಲೇ ಬರೆದ ಒಂದು ವಿಳಾಸವಿರುತ್ತದೆ. ಅಂಕಿ ಅಕ್ಷರ ಕೂಡಿ ಹನ್ನೆರಡು. ಒಂದಕ್ಕೆ ಇಟ್ಟದ್ದನ್ನು ಇನ್ನೊಂದಕ್ಕೆ ಇಡಕೂಡದು ಎಂಬುದು ಅದರ ಮೊದಲ ಮಾತು, ಕೊನೆಯ ಮಾತು. ಕಚೇರಿಯ ತಂತ್ರಾಂಶಕ್ಕೆ ಡಂಗುರ ಎಂದು ಹೆಸರು. ಯಾವುದಾದರೂ ಗೋಲಿ ಎಲ್ಲಿದೆಯೆಂದು ತಿಳಿಯಬೇಕಾದರೆ ಡಂಗುರ ಬಾವಿಯ ನೀರಿಗೆ ಒಂದೇ ಪ್ರಶ್ನೆ ಹಾಕುತ್ತಿತ್ತು: ಈ ವಿಳಾಸದವರು ಯಾರ ನೆರೆಯಲ್ಲಿದ್ದಾರೆ? ಪ್ರಶ್ನೆ ಬಾಯಿಂದ ಬಾಯಿಗೆ ಕತ್ತಲೊಳಗೆ ಹೋಗುತ್ತಿತ್ತು. ಕಂಡ ಗೋಲಿ "ನನ್ನ ಪಕ್ಕದಲ್ಲಿದೆ" ಎನ್ನುತ್ತಿತ್ತು. ಆ ಉತ್ತರ ಹಿಂದಿರುಗುವಾಗ ದಾರಿಯ ಪ್ರತಿ ಗೋಲಿಯೂ ತನ್ನ ಹೆಸರನ್ನೂ ನೆರೆಯವನಿಗಿರುವ ದೂರವನ್ನೂ ಸೇರಿಸಿ ಕಳಿಸುತ್ತಿತ್ತು. ಹೆಸರುಗಳ ಆ ಸರವೇ ದಾರಿಯ ನಕ್ಷೆ. ಹೂಳಿನಲ್ಲಿ ಸಿಕ್ಕಿಕೊಂಡಿದ್ದರೆ ಕಣ್ಣಿಗೆ ಬೀಳಲೆಂದು ಗೋಲಿಯೊಳಗೆ ಸಣ್ಣ ಹಸಿರು ದೀಪವೂ ಇತ್ತು. ವಿಳಾಸ ಹಿಡಿದು ಕರೆದರೆ ಅದು ಹೊತ್ತಿಕೊಳ್ಳುವುದು.

ಒಂದು ತಿಂಗಳು ಮಾತಾಡದ, ಬಲೆಗೂ ಬೀಳದ ಗೋಲಿ ಸತ್ತಿತೆಂದು ಲೆಕ್ಕ. ಅದರ ಬದಲು ಬಿಡುವ ಹೊಸ ಗೋಲಿಯ ಹೊಸ ವಿಳಾಸಕ್ಕೆ ಮೇಲಿನ ಕಚೇರಿಯ ಒಪ್ಪಿಗೆ ಬೇಕು. ಅರ್ಜಿ ಹೋಗಿ ಬರಲು ನಾಲ್ಕು ತಿಂಗಳು. ಅಷ್ಟು ದಿನ ಸುರಂಗದಲ್ಲಿ ಅಲ್ಲಲ್ಲಿ ಕಿವುಡು ಜಾಗಗಳು ಬೀಳುತ್ತಿದ್ದವು. ನೀಲಾಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಹಿರಿಯರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ನಿವೃತ್ತಿಯ ದಿನ ಅದನ್ನು ಆಸ್ತಿಯಂತೆ ಅವಳಿಗೆ ಒಪ್ಪಿಸಿದ್ದರು.

"ತಂಗಿ, ಅಜ್ಜ ತೀರಿಕೊಂಡ್ರ ಮೊಮ್ಮಗನಿಗಿ ಅಜ್ಜನ ಹೆಸರ ಇಡಲ್ಲೇನು? ನಿನಗೂ ನಿಮ್ಮ ಅಜ್ಜಿ ಹೆಸರೇ ಇಟ್ಟಾರಂತಲ್ಲ. ಇದೂ ಹಂಗೇ. ಸತ್ತದ್ದರ ವಿಳಾಸ ಹೊಸದರ ಮೈಮ್ಯಾಲ ಬರದುಬಿಡು. ಡಂಗುರ ಅದೇ ಇದು ಅಂತ ತಿಳಕೊಂಡು ಸುಮ್ಮ ಇರ್ತದ."

ಆ ಮನೆತನದ, ಆ ಊರಿನ, ಆ ಸೀಮೆಯ ಮಾತು ಅದು. ಯಾರಿಗೂ ತಪ್ಪೆನಿಸದ ಮಾತು. ಎರಡು ವರ್ಷದಲ್ಲಿ ನೀಲಾ ಹಾಗೆ ನೂರ ನಲವತ್ತು ಗೋಲಿಗಳಿಗೆ ಹೆಸರಿಟ್ಟಳು. ಎರಡು ದಿನದ ಹಿಂದೆ ಮೇಲಿನ ಕಚೇರಿಯಿಂದ ಸುತ್ತೋಲೆ ಬಂದಿತ್ತು: ವಿಳಾಸ ತಿದ್ದಿದವರು ಕೆಲಸ ಕಳೆದುಕೊಳ್ಳುತ್ತಾರೆ. ಅವಳ ಮುಖ ಸಣ್ಣಗಾಗಿದ್ದು ಅದಕ್ಕೆ.

ಹತ್ತೂವರೆಗೆ ಪರದೆಯ ಒಂದು ಮೂಲೆ ನಡುಗಿತು.

ಹತ್ತನೆಯ ಮತ್ತು ಹನ್ನೊಂದನೆಯ ಬಾವಿಗಳ ನಡುವೆ ನೂರಾರು ಗೋಲಿಗಳು ಒಮ್ಮೆಲೇ ಚೀರಿದವು. ಸುರಂಗದ ಗೋಡೆ ಕುಸಿದಿತ್ತು. ಹೂಳು ಎತ್ತುತ್ತಿದ್ದ ಆರು ಹೆಂಗಸರಲ್ಲಿ ಐದು ಜನ ಹನ್ನೊಂದನೆಯ ಬಾವಿಯ ಏಣಿ ಹಿಡಿದು ಮೇಲೆ ಬಂದರು. ಗೋಡೆಗೆ ತೀರ ಹತ್ತಿರವಿದ್ದ ಕಲಾವತಿ ಮಾತ್ರ ಬರಲಿಲ್ಲ.

ಇಳಿಯುವವರೆಲ್ಲರ ಸೊಂಟಕ್ಕೂ ಒಂದೊಂದು ಗೋಲಿ ಕಟ್ಟಿರುತ್ತಾರೆ. ವೈನಿಯ ಸೊಂಟದ ವಿಳಾಸ ನೀಲಾಗೆ ಬಾಯಿಪಾಠವಾಗಿತ್ತು. ತಪ್ಪಿಲ್ಲದೆ ಬರೆದು ಡಂಗುರಕ್ಕೆ ಕೊಟ್ಟಳು. ಪ್ರಶ್ನೆ ನೀರಿಗಿಳಿಯಿತು. ಒಂದು ನಿಮಿಷ. ಎರಡು. ಪರದೆ ಹೇಳಿತು: ಕೊನೆಯ ಉತ್ತರ ಹತ್ತೂವರೆಗೆ, ಹನ್ನೊಂದನೆಯ ಬಾವಿಯಿಂದ ಹರಿವಿನ ಮೇಲಕ್ಕೆ ಇಪ್ಪತ್ತು ಮಾರು. ಆಮೇಲೆ ಸುಳಿವಿಲ್ಲ.

ಇಂಜಿನಿಯರ್ ವೈಜಿನಾಥ ಓಡಿ ಬಂದರು. ಅವರ ಹಿಂದೆ ಖಾಜಾಮಿಯಾ. ಬಾವಿಗಳ ಕಟ್ಟೆ ಕಾಯುವ ವಂಶದ ಮುದುಕ, ಹಗ್ಗದ ಸದ್ದಿನಿಂದಲೇ ನೀರಿನ ಆಳ ಹೇಳುವವನು.

"ಮಣ್ಣು ಬಿದ್ದು ನೀರು ತಡದದ," ಎಂದರು ವೈಜಿನಾಥ. "ತಾಸಿಗೊಂದು ಗೇಣು ಏರ್ಲತ್ತದ. ಇರೋದು ಒಂದೇ ಕ್ರೇನ್. ಹನ್ನೊಂದನೇ ಬಾವಿಗಿ ಹಚ್ಚಿ ಅಗಿಸ್ತೀನಿ. ಸಂಜಿ ಒಳಗ ಮುಟ್ಟಬೇಕು, ಇಲ್ಲಂದ್ರ..." ನೀಲಾಳ ಕಡೆ ತಿರುಗಿದರು. "ನೀಲಾಂಬಿಕಾ, ನೀವು ಮನಿಗಿ ಹೋಗ್ರಿ. ನಿಮ್ಮ ವೈನಿ ಅವರು. ಇಲ್ಲಿ ಕೂಡೋದು ಬ್ಯಾಡ."

"ಸರ್, ಈ ಸಾಲು..." ನೀಲಾ ಪರದೆಯ ಕೆಳಗಿನ ಒಂದು ಅಂಕಿಯನ್ನು ತೋರಿಸಿದಳು. ತಳ್ಳಿಹಾಕಿದ ಉತ್ತರಗಳು: ನಾಲ್ಕುನೂರು.

"ಪ್ರತಿಧ್ವನಿ ರೀ ಅದು. ಗೋಡಿಗಿ ಬಡದು ಅದೇ ಹೆಸರ ಎರಡ ಸಲ ಕೇಳ್ತದ. ಡಂಗುರ ಎರಡನೇದು ತಗದು ಒಗೀತದ. ಗೋಡಿ ಬಿದ್ದ ಮ್ಯಾಲ ಹೆಚ್ಚಾಗ್ಯಾವ. ಹೋಗ್ರಿ, ಅವ್ವ ಒಬ್ರೇ ಇದ್ದಾರ."

ಅವಳು ಹೋದಳು. ಬೇಡ ಎನ್ನುವುದು ಅವಳಿಗೆ ಯಾವತ್ತೂ ಬಂದಿರಲಿಲ್ಲ.

ಮನೆಯ ಪಡಸಾಲೆ ಓಣಿಯ ಹೆಂಗಸರಿಂದ ತುಂಬಿತ್ತು. ಬಸ್ಸಿನ ಕಂಡಕ್ಟರನಾಗಿದ್ದ ಅಣ್ಣ ಹೈದರಾಬಾದಿನ ದಾರಿಯಲ್ಲಿದ್ದ. ಫೋನು ಮುಟ್ಟಿತ್ತು, ಅವನು ಮುಟ್ಟುವುದು ಸಂಜೆಗೆ. ಒಲೆಯ ಮೇಲೆ ಹೆಂಚು ಹಾಗೆಯೇ ಕಾದು ಹೊಗೆಯಾಡುತ್ತಿತ್ತು. ನೀಲಾ ಹೋಗಿ ಒಲೆ ಆರಿಸಿದಳು. ಮೂಲೆಯಲ್ಲಿ ಕೂತ ಪಕ್ಕದ ಮನೆಯ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ರಾಗ ತೆಗೆದಳು.

"ಎಂಥಾ ಸೊಸಿ ಇದ್ಳವ್ವಾ ನಿನಗ! ಬಾಯಿ ಜೋರು, ಮನಸು ಬೆಣ್ಣಿ. ಹೋದ್ಳಲ್ಲೇ ಯವ್ವಾ!"

ಅವ್ವ ಅಷ್ಟು ಹೊತ್ತು ಗೋಡೆಗೆ ಒರಗಿ ಕೂತಿದ್ದವಳು ತಟ್ಟನೆ ನೆಟ್ಟಗಾದಳು.

"ಎಲ್ಲಿಗಿ ಹೋದ್ಳು? ನೀ ನೋಡಿಯೇನು? ಹೆಣಾ ನೋಡೀರೇನು ಯಾರರ? ಕಣ್ಣಿಗಿ ಕಾಣಲಿಲ್ಲ, ದನಿ ಕೇಳಲಿಲ್ಲ ಅಂದ್ರ ಸತ್ತಂಗೇನು? ಎದ್ದು ನಡೀರಿ ಎಲ್ಲಾರೂ. ಬದುಕಿದಾಕಿ ಮುಂದ ಅಳಬ್ಯಾಡ್ರಿ!"

ನೀಲಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕಾಣಲಿಲ್ಲ, ದನಿ ಕೇಳಲಿಲ್ಲ ಅಂದರೆ ಸತ್ತಂತೆಯೇ? ಒಂದು ತಿಂಗಳು ದನಿ ಕೇಳದ್ದಕ್ಕೆ ಎಷ್ಟು ಗೋಲಿಗಳನ್ನು ಅವಳೇ ಸತ್ತವೆಂದು ಬರೆದಿಲ್ಲ? ಅವುಗಳ ಹೆಣ ಯಾರು ನೋಡಿದ್ದರು? ಒಂಬತ್ತು ವರ್ಷದಲ್ಲಿ ಏಳುನೂರು ಗೋಲಿ ಕಳೆದಿದ್ದವು. ಬಲೆಗೆ ಬಿದ್ದಿರಲಿಲ್ಲ, ಹೂಳಿನಲ್ಲೂ ಸಿಕ್ಕಿರಲಿಲ್ಲ. ಅವು ಸತ್ತಿರದೆ ಎಲ್ಲೋ ಒಂದೆಡೆ ತೇಲುತ್ತಾ ಇದ್ದರೆ? ಹೆಸರು ಹಿಡಿದು ಕರೆದಾಗ ಅವೂ ಓ ಎನ್ನುತ್ತವೆ. ಅದೇ ಹೆಸರಿನ ಹೊಸ ಗೋಲಿ ಬೇರೆ ಬಾವಿಯಿಂದ ಓ ಎನ್ನುತ್ತದೆ. ಒಂದು ಹೆಸರಿಗೆ ಎರಡು ಓಗೊಡುವಿಕೆ. ಡಂಗುರ ಎರಡನೆಯದನ್ನು ಪ್ರತಿಧ್ವನಿಯೆಂದು ಒಗೆಯುತ್ತದೆ.

ವೈನಿಯ ಉತ್ತರ ಆ ಗೋಲಿಗಳ ಬಾಯಿಂದಲೇ ಬರುತ್ತಿದ್ದರೆ, ಅದನ್ನೂ.

ಅವಳು ಚಪ್ಪಲಿ ಮೆಟ್ಟಲಿಲ್ಲ. ಓಣಿಯಲ್ಲಿ ಹಾಗೆ ಓಡಿದ್ದು ಸಣ್ಣವಳಿದ್ದಾಗಲೂ ಇರಲಿಲ್ಲ.

ಕಚೇರಿಯಲ್ಲಿ ವೈಜಿನಾಥ ಫೋನಿನಲ್ಲಿ ಕ್ರೇನಿನವನೊಡನೆ ಮಾತಾಡುತ್ತಿದ್ದರು. ಖಾಜಾಮಿಯಾ ಕಿಟಕಿಯಲ್ಲಿ ಜಪಮಣಿ ಎಣಿಸುತ್ತಾ ನಿಂತಿದ್ದ. ನೀಲಾ ಬಾಗಿಲಲ್ಲೇ ನಿಂತು, ಉಸಿರು ತಿರುಗುವ ಮೊದಲೇ ಹೇಳಿದಳು.

"ಸರ್, ಅವು ಪ್ರತಿಧ್ವನಿ ಅಲ್ರಿ."

"ಏನಂದ್ರಿ?"

"ಹೆಸರ ಎರಡೆರಡು ಸಲ ಇಟ್ಟೀವ್ರಿ. ಸತ್ತ ಗೋಲಿ ವಿಳಾಸ ಹೊಸದಕ್ಕ ಬರದೀವಿ. ಹಿಂದಿನವರೂ ಬರದಾರ, ನಾನೂ ಬರದೀನಿ. ನೂರಾ ನಲವತ್ತು ನಂದೇ. ನನ್ನ ಮ್ಯಾಲ ಏನ ಬೇಕಾದ್ರೂ ಬರದು ಕಳಸ್ರಿ, ಆದ್ರ ಮದಲ ಎರಡನೇ ಉತ್ತರ ಒಗಿಯೋ ಆ ಜರಡಿ ತಗೀರಿ. ಒಗದ ಉತ್ತರದಾಗ ನಮ್ಮ ವೈನಿ ಇದ್ದಾಳ."

ಇಷ್ಟು ಉದ್ದದ ಮಾತು ಅವಳ ಬಾಯಿಂದ ಆ ಕಚೇರಿ ಕೇಳಿರಲಿಲ್ಲ. ವೈಜಿನಾಥ ಫೋನನ್ನು ಕಿವಿಯಿಂದ ಇಳಿಸಿದರು. ಸಿಟ್ಟು ಬಂದದ್ದು ಅವರ ಮುಖದಲ್ಲಿ ಕಂಡಿತು. ಹಿಂದೆಯೇ ಒಂದು ಆಸೆ ಬಂದದ್ದೂ ಕಂಡಿತು.

"ಹೆಂಗ ನಂಬಲಿ? ಕ್ರೇನ್ ಅಲ್ಲಿಂದ ತಗದ್ರ ಒಂದು ತಾಸು ಹೋಗ್ತದ. ನೀವು ತಪ್ಪಿದ್ರ ಆಕಿ ಜೀವ ಹೋಗ್ತದ."

"ತಂಪು ನೋಡ್ರಿ ಸರ್." ಅವಳು ಆಗಲೇ ಕೂತಿದ್ದಳು. ತಳ್ಳಿಹಾಕಿದ ಉತ್ತರಗಳಲ್ಲಿ ಒಂದನ್ನು ಹೊರಗೆಳೆದು, ಅದೇ ಹೆಸರಿನ ಸರಿಯಾದ ಉತ್ತರದ ಪಕ್ಕದಲ್ಲಿಟ್ಟಳು. ಎರಡನೆಯ ಬಾವಿಯ ಗೋಲಿ ಹೇಳುತ್ತಿತ್ತು: ನೀರು ಇಪ್ಪತ್ತನಾಲ್ಕು ಡಿಗ್ರಿ. ಅದರ 'ಪ್ರತಿಧ್ವನಿ' ಹೇಳುತ್ತಿತ್ತು: ಇಪ್ಪತ್ತೊಂದು. "ಪ್ರತಿಧ್ವನಿ ಇದ್ರ ಅದೇ ಮಾತು ತಿರುಗಿ ಬರಬೇಕು. ಇದು ಬ್ಯಾರೆ ಮಾತು ಹೇಳ್ಲತ್ತದ."

ವೈಜಿನಾಥ ತಮ್ಮ ಗುಪ್ತಪದ ಹೊಡೆದು ಜರಡಿ ತೆಗೆದರು.

ಮೊದಲು ಏನೂ ಆಗಲಿಲ್ಲ. ಆಮೇಲೆ ಪರದೆಯ ಮೇಲೆ, ಹತ್ತನೆಯ ಬಾವಿಗೂ ಹನ್ನೊಂದನೆಯ ಬಾವಿಗೂ ನಡುವಿನ ಗೆರೆಯ ಎಡಮಗ್ಗುಲಲ್ಲಿ, ಈವರೆಗೆ ಬರಿಯ ಕಲ್ಲೆಂದು ಕಪ್ಪಾಗಿದ್ದ ಜಾಗದಲ್ಲಿ ಒಂದು ಚುಕ್ಕೆ ಮೂಡಿತು. ಅದರ ಪಕ್ಕ ಇನ್ನೊಂದು. ಆಮೇಲೆ ಎಣಿಸಲಾಗದಷ್ಟು. ಪ್ರತಿಯೊಂದು ಗೋಲಿಯೂ ತನ್ನ ನೆರೆಯವರ ಹೆಸರನ್ನೂ ದೂರವನ್ನೂ ಹೇಳುತ್ತಿತ್ತು. ಡಂಗುರ ಕೇಳಿಸಿಕೊಂಡಂತೆಲ್ಲ ಚುಕ್ಕೆಗಳನ್ನು ಸರಿಸಿ ಸರಿಸಿ ಕೂರಿಸುತ್ತಿತ್ತು. ಕೊನೆಗೆ ಅವೆಲ್ಲ ಕೂಡಿ ಒಂದು ಆಕಾರಕ್ಕೆ ಬಂದವು. ದುಂಡಗಿನ ಒಂದು ಕೊಳ. ಅದರೊಳಗೆ ಚುಕ್ಕೆಗಳು ಒಂದೇ ದಿಕ್ಕಿಗೆ, ಗಾಣದೆತ್ತಿನ ಹಾಗೆ, ನಿಧಾನವಾಗಿ ಸುತ್ತುತ್ತಿದ್ದವು.

"ಹೂಳಿನ ಕೊಳ," ಎಂದರು ವೈಜಿನಾಥ. ಅವರ ದನಿ ತಗ್ಗಿತ್ತು. "ಊರಿಗಿ ನೀರು ಹೋಗೋ ಮದಲ ಕೆಸರು ಕೂಡಲಿ ಅಂತ ಕಟ್ಯಾರ. ನೀರಿಗಿ ಸುತ್ತು ಕೊಟ್ಟಾರ. ಹೂಳು ತಳಕ್ಕ ಕೂಡ್ತದ, ತಿಳಿನೀರು ಮುಂದ ಹೋಗ್ತದ. ಗೋಡಿ ಹಿಂದ ಇಷ್ಟು ವರ್ಷ ಅದ ಇದು... ನಾವು ಬಾಜೂಲೇ ಹಾದು ಹೋಗೀವಲ್ಲ ಮಾರಾಯ್ರೆ!"

ಗೋಲಿಗಳು ಸಂದಿಯಲ್ಲೆಲ್ಲೋ ನುಸುಳಿ ಒಳಗೆ ಹೋಗಿ ಸುತ್ತಿನಲ್ಲಿ ಸಿಕ್ಕಿಕೊಂಡಿದ್ದವು. ಸುತ್ತುತ್ತಲೇ ಇದ್ದದ್ದರಿಂದ ಅವುಗಳ ಜೀವ ಆರಿರಲಿಲ್ಲ. ದಪ್ಪ ಗೋಡೆಯಾಚೆ ಅವುಗಳ ದನಿ ದಿನಕ್ಕೆ ಒಂದೋ ಎರಡೋ ತಪ್ಪಿ ಹೊರಬರುತ್ತಿತ್ತು. ಬಂದದ್ದನ್ನು ಡಂಗುರ ಒಗೆಯುತ್ತಿತ್ತು. ಒಂಬತ್ತು ವರ್ಷದಿಂದ ಅವು ಕರೆದಾಗಲೆಲ್ಲ ಓ ಎಂದಿದ್ದವು.

ಆರುನೂರ ಹನ್ನೊಂದು ಚುಕ್ಕೆಗಳು. ಕೊಳದ ದಡಕ್ಕೆ ಹತ್ತಿಕೊಂಡು, ಸುತ್ತದೆ ನಿಂತಿದ್ದ ಒಂದು ಚುಕ್ಕೆ ಬೇರೆ. ನೀಲಾ ಅದನ್ನು ಓದಬೇಕಾಗಿರಲಿಲ್ಲ. ವೈನಿಯ ಸೊಂಟದ್ದು.

"ಗೋಲಿ ಅದ ಅಂದ ಮಾತ್ರಕ್ಕ..." ಎಂದು ವೈಜಿನಾಥ ತಡೆದರು.

ಸೊಂಟಕ್ಕೆ ಕಟ್ಟಿದ ಗೋಲಿ ಹೆಣದ ಸೊಂಟದಲ್ಲೂ ಮಾತಾಡುತ್ತದೆ.

ನೀಲಾ ಯೋಚಿಸಿದಳು. ಹೆಲ್ಮೆಟ್ಟಿನ ದೀಪ ಒಡೆದಿರಬಹುದು. ವೈನಿ ಕತ್ತಲಲ್ಲಿದ್ದಾಳೆ. ಆ ಬಾಯಿ ಈಗ ಯಾರೊಡನೆ ಮಾತಾಡುತ್ತಿದೆಯೋ. ಅವಳು ಆರುನೂರ ಹನ್ನೊಂದು ವಿಳಾಸಗಳನ್ನೂ ಒಟ್ಟಿಗೆ ಆರಿಸಿ, ದೀಪ ಹೊತ್ತಿಸುವ ಆಜ್ಞೆ ಕೊಟ್ಟಳು.

ಹೊರಗೆ ಹನ್ನೆರಡನೆಯ ಬಾವಿಯ ಕಟ್ಟೆಯ ಮೇಲಿದ್ದವರು ಹೋ ಎಂದರು. ಅದೇ ಹೆಸರಿನ ಹೊಸ ಗೋಲಿಗಳೂ ಹನ್ನೆರಡು ಬಾವಿಗಳಲ್ಲಿ ಹೊತ್ತಿಕೊಂಡಿದ್ದವು. ಅದನ್ನು ನೋಡಲು ಯಾರೂ ಎದ್ದು ಹೋಗಲಿಲ್ಲ. ಮೂವರ ಕಣ್ಣೂ ಪರದೆಯ ಮೇಲೆ.

ಒಂದು ಚುಕ್ಕೆ ಆರಿತು.

"ಕೆಟ್ಟಿತೇನು?" ಎಂದ ಖಾಜಾಮಿಯಾ.

ಇನ್ನೊಂದು ಆರಿತು. ಸ್ವಲ್ಪ ಬಿಟ್ಟು ಮತ್ತೊಂದು. ಎಲ್ಲವೂ ದಡದ ಆ ಒಂದೇ ಜಾಗದ ಹತ್ತಿರ ಸುತ್ತಿ ಬರುವಾಗ ಆರುತ್ತಿದ್ದವು. ನಾಲ್ಕು. ಐದು. ಗೋಲಿ ನೀರಿನಲ್ಲಿದ್ದರಷ್ಟೇ ಮಾತಾಡೀತು. ನೀರಿನಿಂದ ಎತ್ತಿದರೆ ಅದು ಮೂಕ. ಆರು.

ಏಳು.

"ಎತ್ಲತ್ತಾಳ," ಎಂದಳು ನೀಲಾ. "ವೈನಿ ಅವನ್ನ ನೀರಾಗಿಂದ ಎತ್ತಿ ಉಡ್ಯಾಗ ಹಾಕ್ಕೊಳ್ಲತ್ತಾಳ್ರಿ. ಬೆಳಕಿಗಿ."

ಖಾಜಾಮಿಯಾ ಜಪಮಣಿಯನ್ನು ಕಣ್ಣಿಗೊತ್ತಿಕೊಂಡ. ವೈಜಿನಾಥ ಊರಿನ ನಕ್ಷೆಯನ್ನು ಪರದೆಗೆ ತಂದು ಕೊಳದ ಮೇಲೆ ಹೊದಿಸಿದರು. ಕೊಳ ಬಂದು 'ಸಂತೆಕಟ್ಟೆ' ಎಂಬ ಅಕ್ಷರಗಳ ಕೆಳಗೆ ಕೂತಿತು.

"ತರಕಾರಿ ಸಾಲಿನ ತುದ್ಯಾಗೇನು?" ಮುದುಕ ಬಗ್ಗಿ ನೋಡಿದ. "ಅಲ್ಲಿ ಒಂದು ದುಂಡ ಹಾಸುಗಲ್ಲು ಅದ ಬೇಟಿ. ಉಳಿದ ಕಲ್ಲು ಒಂದು ನಮೂನಿ, ಅದು ಒಂದು ನಮೂನಿ. ಮೂಟಿ ಒಗದ್ರ ಢಂ ಅಂತದ. ನಮ್ಮ ದಾದಾ, ನಮ್ಮ ಅಜ್ಜ, ಅದರ ಮ್ಯಾಲ ಒಮ್ಮೀನೂ ಚಪ್ಪಲಿ ಇಡಲಿಲ್ಲ. ಯಾಕ ಅಂತ ನಾವು ಕೇಳಲಿಲ್ಲ, ಅವರು ಹೇಳಲಿಲ್ಲ."

"ಕ್ರೇನ್ ತಿರುಗಸ್ರಿ!" ವೈಜಿನಾಥ ಫೋನಿಗೆ ಕೂಗಿದರು. "ಸಂತಿಕಟ್ಟಿಗಿ! ಯಾಕ ಅಂತ ಕೇಳಬ್ಯಾಡ, ಮದಲ ತಿರುಗಸು!"

ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿ ಅರ್ಧ ಊರು ಸಂತೆಕಟ್ಟೆಯಲ್ಲಿ ನೆರೆಯಿತು. ಅವ್ವನೂ ಬಂದಳು, ಓಣಿಯ ಹೆಂಗಸರೂ ಬಂದರು. ಹಾಸುಗಲ್ಲಿನ ಸಂದಿಗೆ ಹಾರೆ ಹಾಕಿ ಎಬ್ಬಿಸಿ ಸರಪಣಿ ಬಿಗಿದರು. ಕ್ರೇನು ನರಳಿತು. ಎಷ್ಟೋ ನೂರು ವರ್ಷದ ಗಾರೆ ಪಟಪಟನೆ ಬಿಟ್ಟಿತು. ಕಲ್ಲು ಒಂದು ಮೊಳ ಎದ್ದಾಗ ಒಳಗಿನಿಂದ ತಣ್ಣನೆಯ ಗಾಳಿ ಬಂದು ಮುಂದೆ ನಿಂತವರ ಮುಖಕ್ಕೆ ಬಡಿಯಿತು. ಕಲ್ಲು ಪಕ್ಕಕ್ಕೆ ಸರಿದಾಗ, ಗಲಾಟೆ ಮಾಡುತ್ತಿದ್ದವರೆಲ್ಲ ಅಂಚಿಗೆ ಬಂದು ಬಗ್ಗಿ ನೋಡಿದರು.

ಕೆಳಗೆ ಬೆಳಕಿತ್ತು. ನೆಲದ ಹೊಟ್ಟೆಯೊಳಗಿನಿಂದ, ಎಳೆ ಹುಲ್ಲಿನ ಬಣ್ಣದ ಬೆಳಕು ಬಾವಿಯ ಗೋಡೆ ಹಿಡಿದು ಮೇಲೆ ಹತ್ತುತ್ತಿತ್ತು. ಆರುನೂರು ದೀಪಗಳು ಕರಿನೀರಿನ ಮೇಲೆ ಒಂದರ ಹಿಂದೊಂದು ಸುತ್ತುತ್ತಿದ್ದವು, ಅವಸರವಿಲ್ಲದೆ, ಸದ್ದಿಲ್ಲದೆ. ಅವು ಸುತ್ತಿದಂತೆ ಬೆಳಕೂ ಸುತ್ತಿ, ಗುಮ್ಮಟದಂತೆ ಬಾಗಿ ಬಂದ ಕಲ್ಲಿನ ಗೋಡೆಯ ಒಂದೊಂದೇ ಮಗ್ಗುಲನ್ನು ತೋರಿಸಿ ಮುಂದೆ ಸಾಗುತ್ತಿತ್ತು. ಆ ಗೋಡೆಯ ಸುಣ್ಣದ ಗಾರೆಯಲ್ಲಿ, ನೀರಿನ ಮಟ್ಟದಿಂದ ಆಳೆತ್ತರದಲ್ಲಿ, ಕೈಗಳಿದ್ದವು. ಗಾರೆ ಹಸಿಯಿದ್ದಾಗ ಒತ್ತಿದ ಅಂಗೈ ಗುರುತುಗಳು. ಒಂದು ದೊಡ್ಡದು, ಒಂದು ಕಿರಿದು, ಒಂದಕ್ಕೆ ಹೆಬ್ಬೆರಳಿಲ್ಲ. ಕೊಳದ ಸುತ್ತ ಸಾಲಾಗಿ, ಕಟ್ಟಿದವರೆಲ್ಲ ಹೋಗುವ ಮುನ್ನ ಒಬ್ಬೊಬ್ಬರಾಗಿ ಬಂದು ಒತ್ತಿ ಹೋದಂತೆ. ಕಲ್ಲು ಮುಚ್ಚಿದ ದಿನದಿಂದ ಇಂದಿನವರೆಗೆ ಅವನ್ನು ಯಾರೂ ನೋಡಿರಲಿಲ್ಲ.

ಖಾಜಾಮಿಯಾ ಚಪ್ಪಲಿ ಕಳಚಿ ದೂರ ಇಟ್ಟ. ನೋಡನೋಡುತ್ತ ಸುತ್ತ ನಿಂತವರೂ ಕಳಚಿದರು.

ಗೋಡೆಯ ಒಂದು ಚಾಚಿನ ಮೇಲೆ, ಎದೆಮಟ್ಟ ನೀರಿನಲ್ಲಿ, ಸೆರಗನ್ನು ಗಂಟು ಹಾಕಿ ಕೊರಳಿಗೆ ಕಟ್ಟಿಕೊಂಡು ಕಲಾವತಿ ನಿಂತಿದ್ದಳು. ಗಂಟಿನೊಳಗಿನಿಂದ ಅವಳ ಗದ್ದದ ಮೇಲೆ ಹಸಿರು ಬೆಳಕು ಬೀಳುತ್ತಿತ್ತು. ಅವಳು ತಲೆಯೆತ್ತಿ ಮೇಲಿನ ದುಂಡು ಆಕಾಶವನ್ನೂ, ಅದರ ಅಂಚಿಗೆ ಪೋಣಿಸಿದಂತಿದ್ದ ತಲೆಗಳನ್ನೂ ನೋಡಿದಳು. ಕೊಳಕ್ಕೆ ಗುಮ್ಮಟದ ಕಂಠವಿತ್ತು; ಅವಳು ಮೆಲ್ಲಗೆ ಆಡಿದ್ದೂ ಮೇಲೆ ನಿಂತವರಿಗೆಲ್ಲ ಕೇಳಿಸಿತು.

"ನೀಲಾ ಎಲ್ಲಿದಾಳ?"

"ಇಲ್ಲಿದೀನಿ ವೈನಿ!" ನೀಲಾ ಕೂಗಿದಳು. ಊರೆಲ್ಲ ಕೇಳುವಂತೆ ಕೂಗಿದಳು.

"ಯಪ್ಪಾ, ಏನ್ ದನಿ! ಹಿಂಗ ಕೂಗ್ಲಾಕ ಬರ್ತದಂದ್ರ ನಿನ್ನಿ ಆ ಹುಡುಗನ ಮುಂದ ಯಾಕ ಸುಮ್ಮ ಕೂತಿದ್ದಿ?"

ಅವ್ವ ನಗುತ್ತಲೇ ಅತ್ತಳು. ಹಗ್ಗ ಇಳಿಯಿತು.

ಮೇಲೆ ಬಂದ ಕಲಾವತಿಗೆ ಕಂಬಳಿ ಹೊದಿಸಿದರು, ಬಿಸಿ ಚಹಾ ಕೊಟ್ಟರು. ಹಣೆಯ ಮೇಲೊಂದು ಗಾಯ, ಮೊಣಕಾಲು ತರಚಿತ್ತು, ತುಟಿ ನೀಲಿಗಟ್ಟಿತ್ತು. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ.

"ಗೋಡಿ ಕೂಡ ನಾನೂ ಒಳಗ ಬಿದ್ದೆ, ಹಿಂದ ಮಣ್ಣು ಬಿದ್ದು ದಾರಿ ಮುಚ್ಚಿತು, ದೀಪ ಒಡದು ಹೋಯ್ತು," ಎನ್ನುತ್ತಿದ್ದಳು, ಕೇಳಿದವರಿಗೂ ಕೇಳದವರಿಗೂ. "ಕಣ್ಣು ತಗದ್ರೂ ಅದೇ, ಮುಚ್ಚಿದ್ರೂ ಅದೇ. ಏನೋ ಒಂದು ಬಂದು ಕೈಗಿ ತಾಗ್ತದ, ಹೋಗ್ತದ. ಮತ್ತ ತಾಗ್ತದ. ಮೊಸಳಿ ಮರಿ ಅಂತ ಕುಂತೆ. ಆಮ್ಯಾಲ ಒಮ್ಮೆಲೇ ಎಲ್ಲಾ ಹತ್ತಿದ್ವು ನೋಡ್ರಿ. ಕೂಗೋದು ಮರತುಬಿಟ್ಟೆ. ಜೀವದ ಆಸಿನೇ ಮರತುಬಿಟ್ಟೆ ಒಂದು ಗಳಿಗಿ."

ವೈಜಿನಾಥ ನೀಲಾಳ ಬಳಿಗೆ ಬಂದರು.

"ನಾಳಿಗಿ ನಾ ಎಲ್ಲಾ ಬರದು ಕಳಿಸ್ಬೇಕಾಗ್ತದ. ಹೆಸರ ಇಟ್ಟದ್ದೂ, ನೀವೇ ಬಂದು ಹೇಳಿದ್ದೂ, ಎರಡೂ."

"ಬರೀರಿ ಸರ್."

"ಆ ದೀಪ ಆರಿಸಬೇಕು. ಇಲ್ಲಂದ್ರ ಗೋಲಿ ದಣೀತಾವ."

ಹೇಳಿದರೇ ಹೊರತು ಅವರೂ ಆರಿಸಲಿಲ್ಲ. ಡಂಗುರವನ್ನು ತೋರಿಸುವ ತಮ್ಮ ಕೈಪರದೆಯ ಹಲಗೆಯನ್ನು ಅವಳ ಕೈಗಿತ್ತು, ತಾವೂ ಬಾವಿಯ ಅಂಚಿನ ಕಡೆ ಹೋದರು.

ಹೊತ್ತು ಇಳಿಯುತ್ತಿತ್ತು. ಆಸ್ಪತ್ರೆಯ ಗಾಡಿ ಬಂದು ನಿಂತಿತ್ತು. ಕಲಾವತಿ ಕಂಬಳಿ ಹೊದ್ದುಕೊಂಡೇ ಎದ್ದಳು.

"ಒಂದು ಗಳಿಗಿ ನಿಂದರ್ರಿ. ಒಳಗಿದ್ದಾಗ ಅಂಜಿಕಿ ಇತ್ತು, ಛಲೋತ್ನಾಗ ನೋಡಿಲ್ಲ. ಬಾ ನೀಲಾ."

ಅವರಿಬ್ಬರೂ ಬಾವಿಯ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಕೆಳಗೆ ಇಣುಕಿದರು. ಕಲ್ಲಿನ ಬಿಸಿ ಎದೆಗೆ ತಾಗುತ್ತಿತ್ತು, ಮುಖಕ್ಕೆ ತಂಪು. ಕೆಳಗೆ ದೀಪಗಳು ಸುತ್ತುತ್ತಲೇ ಇದ್ದವು. ಒಂಬತ್ತು ವರ್ಷ ಸುತ್ತಿದಂತೆಯೇ.

"ಎಷ್ಟವ?" ಕಲಾವತಿ ಪಿಸುಗುಟ್ಟಿದಳು.

ನೀಲಾ ಹಲಗೆ ನೋಡಿದಳು. "ಆರುನೂರಾ ನಾಕು."

ಕಲಾವತಿ ಸೆರಗಿನ ಗಂಟು ಬಿಚ್ಚಿದಳು. ಒದ್ದೆ ಬಟ್ಟೆಯೊಳಗೆ ಏಳು ಗೋಲಿಗಳು ಇನ್ನೂ ಉರಿಯುತ್ತಿದ್ದವು, ಬಿಸಿಲಿಗೆ ಮಂಕಾಗಿ. ಒಂದನ್ನು ಎತ್ತಿ ಅಂಗೈಯಲ್ಲಿ ಹೊರಳಿಸಿ ನೋಡಿ, ಕೈಚಾಚಿ ಬಿಟ್ಟಳು. ಬೆಳಕಿನ ಹನಿ ಬಿತ್ತು, ಬೀಳುತ್ತಲೇ ಇತ್ತು, ಗೋಡೆಯ ಒಂದೊಂದು ಅಂಗೈಯನ್ನೂ ಕ್ಷಣಕ್ಷಣ ತೋರಿಸುತ್ತಾ ಕೆಳಕ್ಕಿಳಿಯಿತು. ಬಹಳ ಹೊತ್ತಿನ ಮೇಲೆ ಎಂಬಂತೆ ಒಂದು ಸಣ್ಣ ಸದ್ದು. ಅದು ಬಿದ್ದ ಕಡೆಯಿಂದ ಉಂಗುರ ಹರಡಿ, ಉಳಿದ ದೀಪಗಳೆಲ್ಲ ಒಮ್ಮೆ ಏರಿ ಇಳಿದವು.

"ಆರುನೂರಾ ಐದು," ಎಂದಳು ನೀಲಾ.

ಇನ್ನೊಂದು.

"ಆರುನೂರಾ ಆರು."

ಆಸ್ಪತ್ರೆಯ ಗಾಡಿಯವನೂ ಇಳಿದು ಬಂದು ಚಪ್ಪಲಿ ಬಿಟ್ಟು ನಿಂತಿದ್ದ. ಕಲಾವತಿ ಒಂದೊಂದಾಗಿ ಬಿಡುತ್ತಾ ಹೋದಳು, ನೀಲಾ ಗಟ್ಟಿಯಾಗಿ ಎಣಿಸುತ್ತಾ ಹೋದಳು. ಕೊನೆಯದನ್ನು ವೈನಿ ಅವಳ ಕೈಗೆ ಕೊಟ್ಟಳು. ಅದು ಬೆಚ್ಚಗಿತ್ತು, ಒಳಗಿನ ಪುಟ್ಟ ತೂಕ ಅಂಗೈಯೊಳಗೆ ಮೆಲ್ಲಗೆ ಅಲುಗಿತು. ನೀಲಾ ಕೈ ತೆರೆದಳು.

ಸದ್ದು ಮೇಲೆ ಬರುವವರೆಗೂ ಇಬ್ಬರೂ ಉಸಿರು ಹಿಡಿದಿದ್ದರು.

"ಆರುನೂರಾ ಹನ್ನೊಂದು."